ಗೆರೆಯ ಹೊರಗೆ ಒಂದು ಕೂದಲೆಳೆ

ಡಾಕ್ಟರು ನನ್ನನ್ನು ಕೆಲಸಕ್ಕೆ ಕರೆದದ್ದು ನನ್ನ ತಲೆ ನೋಡಿ ಅಲ್ಲ, ಕೈ ನೋಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದ ಎಡವಟ್ಟಿಗೆಲ್ಲ ಆ ಕೈಯೇ ಕಾರಣ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹರಿಹರದ ಒಂದು ಫೌಂಡ್ರಿಯಲ್ಲಿ ಹದಿನೇಳು ವರ್ಷ ಮರದ ಅಚ್ಚು ಮಾಡುವ ಕೆಲಸ ನನ್ನದು. ನಾವು ಅದನ್ನು ಪ್ಯಾಟರ್ನ್ ಎನ್ನುತ್ತಿದ್ದೆವು. ಯಂತ್ರದ ಯಾವ ಭಾಗ ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಂಡಿಗೆ ಕರಗಿಸಿದ ಕಬ್ಬಿಣ ಹೊಯ್ಯುತ್ತಾರೆ. ಕೆಲಸ ಕಡಿಮೆಯಾಗಿ ನಮ್ಮ ವಿಭಾಗವನ್ನೇ ಮುಚ್ಚಿದಾಗ ನನಗೆ ನಲವತ್ತೆರಡು. ಮನೆಯಲ್ಲಿ ಕೂತು ಅಡುಗೆಮನೆಯ ಸ್ಟೂಲು, ಲಟ್ಟಣಿಗೆ, ಕಿಟಕಿಯ ಬಾಗಿಲು ಎಲ್ಲ ರಿಪೇರಿ ಮಾಡಿ ಮುಗಿಸಿದೆ. ಇನ್ನು ಮನೆಯಲ್ಲಿ ಮುರಿದದ್ದು ಏನೂ ಉಳಿದಿಲ್ಲ, ಹೊರಗೆ ಎಲ್ಲಾದರೂ ನೋಡಿ ಎಂದು ಹೆಂಡತಿಯೇ ಹೇಳಿದಳು.

ಹೊರಗೆ ಸಿಕ್ಕಿದ್ದು ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಸ್ಕ್ಯಾನಿಂಗ್ ಸೆಂಟರು. ಅಲ್ಲಿನ ಯಂತ್ರದಲ್ಲಿ ರೋಗಿ ತಲೆಯಿಟ್ಟು ಮಲಗುವ ಆಸರೆ ಬಿರುಕು ಬಿಟ್ಟಿತ್ತು. ಹೊಸದು ಹೊರದೇಶದಿಂದ ಬರುವವರೆಗೆ ಮರದಲ್ಲೊಂದು ಮಾಡಿಕೊಡಬೇಕಿತ್ತು. ನಾನು ಹೋಗಿ ಹಳೆಯದರ ಬಾಗಿನ ಮೇಲೆ ಎರಡು ಸಲ ಬೆರಳಾಡಿಸಿದೆ, ಒಂದು ರಟ್ಟಿನ ಮೇಲೆ ಪೆನ್ಸಿಲಿನಿಂದ ಒಂದೇ ಎಳೆತಕ್ಕೆ ಆ ಬಾಗನ್ನು ಎಳೆದೆ, ಕತ್ತರಿಸಿ ಹಿಡಿದೆ. ಬೆಳಕು ಕೂಡ ತೂರದಂತೆ ಕೂತಿತು. ಡಾಕ್ಟರು, ನನಗಿಂತ ಐದಾರು ವರ್ಷ ಚಿಕ್ಕವರು, ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನಗೆ ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಬರದಿದ್ದರೂ ಪರವಾಗಿಲ್ಲ, ಇಂಥ ಕೈ ಬೇಕು ಎಂದರು. ಹೊಗಳಿದರೆ ನಾನು ಉಬ್ಬಿಹೋಗುವ ಪೈಕಿ. ಮರುವಾರದಿಂದ ದಿನಾ ಹರಿಹರದಿಂದ ಬಸ್ಸು ಹಿಡಿಯತೊಡಗಿದೆ.

ಕೆಲಸ ಕೇಳಲು ಸುಲಭವಾಗಿತ್ತು. ಸ್ಕ್ಯಾನ್ ಯಂತ್ರ ತಲೆಯನ್ನು ಬ್ರೆಡ್ಡಿನ ಹಾಗೆ ತೆಳ್ಳಗೆ ಹೋಳು ಮಾಡಿ ತೋರಿಸುತ್ತದೆ. ಪ್ರತಿ ಹೋಳಿನಲ್ಲೂ ಗಡ್ಡೆ ಎಲ್ಲಿದೆಯೋ ಅದರ ಸುತ್ತ ಮೌಸಿನಿಂದ ಗೆರೆ ಎಳೆಯಬೇಕು. ಕಂಪ್ಯೂಟರು ಗೆರೆಯೊಳಗಿನ ಜಾಗವನ್ನು ಅಳೆದು, ಹೋಳಿನ ದಪ್ಪದಿಂದ ಗುಣಿಸಿ, ಎಲ್ಲ ಕೂಡಿಸಿ, ಗಡ್ಡೆಯ ಗಾತ್ರ ಇಷ್ಟು ಎಂದು ಕೆಳಗಿನ ಮೂಲೆಯಲ್ಲಿ ಒಂದು ಅಂಕಿ ತೋರಿಸುತ್ತಿತ್ತು. ಗೆರೆ ಎಳೆಯುವುದು ನಾನು, ಅಂಕಿ ಹೇಳುವುದು ಅದು, ಮಾತು ಹೇಳುವುದು ಡಾಕ್ಟರು.

ಮೊದಲ ದಿನವೇ ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಗಡ್ಡೆಗೆ ಅಂಚೇ ಇರಲಿಲ್ಲ! ದೂರದಿಂದ ನೋಡಿದರೆ ಬೆಳ್ಳಗಿನ ಒಂದು ಗುಂಡು, ಸರಿ. ಹತ್ತಿರಕ್ಕೆ ತಂದು ದೊಡ್ಡದು ಮಾಡಿದರೆ ಬಿಳಿ, ಅದರ ಸುತ್ತ ಬೂದು, ಬೂದಿನ ಸುತ್ತ ಇನ್ನೊಂದು ಬೂದು. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು, ಒಂದೂ ತಿಳಿಯುತ್ತಿರಲಿಲ್ಲ. ಪರದೆಯ ಬೆಳಕು ಹೆಚ್ಚಿಸಿದರೆ ಗಡ್ಡೆ ಊದುತ್ತಿತ್ತು, ಇಳಿಸಿದರೆ ಸೊರಗುತ್ತಿತ್ತು. ಒಬ್ಬನೇ ಮನುಷ್ಯ, ಒಂದೇ ತಲೆ, ಒಂದೇ ದಿನದ ಚಿತ್ರ. ಕಬ್ಬಿಣ ಹೀಗೆಲ್ಲ ಆಟ ಆಡುವುದನ್ನು ನಾನು ಕಂಡಿರಲಿಲ್ಲ.

ಕಂಪ್ಯೂಟರೇ ಗೆರೆ ಎಳೆಯುವ ಒಂದು ಉಪಾಯವೂ ಅದರಲ್ಲಿತ್ತು. ಗಡ್ಡೆಯ ನಡುವೆ ಒಂದು ಕಡೆ ಒತ್ತಿದರೆ ಅಷ್ಟೇ ಬೆಳ್ಳಗಿರುವ ಜಾಗಕ್ಕೆಲ್ಲ ತಾನಾಗಿ ಕೆಂಪು ತುಂಬುತ್ತಿತ್ತು. ನನಗೆ ಬಹಳ ಖುಷಿಯಾಯಿತು. ಆದರೆ ಗಡ್ಡೆ ಎಲುಬಿಗೆ ತಾಗಿಕೊಂಡಿದ್ದರೆ ಆ ಕೆಂಪು ಅಲ್ಲಿಂದ ಹರಿದು ಕಣ್ಣಿನ ಗೂಡು, ಕಿವಿಯ ಎಲುಬು, ಹಣೆ, ಎಲ್ಲ ಕಡೆ ಹಬ್ಬಿ ಇಡೀ ಬುರುಡೆಯೇ ಗಡ್ಡೆ ಎನ್ನುತ್ತಿತ್ತು. ಇಂಥದಕ್ಕೇ ನನ್ನ ಕೈ ಬೇಕಾಗಿದ್ದು ಎಂದು ಆಗ ಅರ್ಥವಾಯಿತು. ಗೆರೆ ಖಂಡಿತವಾಗಿ ಎಲ್ಲಿ ಎಳೆಯಲಿ ಎಂದು ಡಾಕ್ಟರನ್ನು ಕೇಳಿದೆ.

"ಎಲ್ಲಿ ಮುಗೀತೈತೆ ಅನ್ನಿಸ್ತದೋ ಅಲ್ಲಿ ಎಳೀರಿ."

ಮೈ ಉರಿಯಿತು. ಹದಿನೇಳು ವರ್ಷದಲ್ಲಿ ಯಾರೂ ನನಗೆ ಅನ್ನಿಸಿದ ಕಡೆ ಗೆರೆ ಎಳೆ ಎಂದು ಹೇಳಿರಲಿಲ್ಲ. ಡ್ರಾಯಿಂಗ್ ಇರುತ್ತಿತ್ತು, ಅಳತೆ ಇರುತ್ತಿತ್ತು, ತಪ್ಪಿದರೆ ಬೈಗುಳ ಇರುತ್ತಿತ್ತು. ಇಲ್ಲಿ ಯಾವುದೂ ಇಲ್ಲ. ಆದರೂ ಮೂರ್ನಾಲ್ಕು ತಿಂಗಳಲ್ಲಿ ಕೈ ಪಳಗಿತು. ನನ್ನ ಗೆರೆ ನುಣ್ಣಗಿರುತ್ತಿತ್ತು, ಎಲ್ಲೂ ನಡುಗುತ್ತಿರಲಿಲ್ಲ. ಬೇರೆ ಊರಿನಿಂದ ಬಂದ ಡಾಕ್ಟರುಗಳಿಗೆ ನಮ್ಮ ಡಾಕ್ಟರು ಅದನ್ನು ತೋರಿಸಿ ಮೆಚ್ಚಿಕೊಳ್ಳುತ್ತಿದ್ದರು. ನಾನು ಏನೂ ಕೇಳಿಸದವನ ಹಾಗೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಸೆಂಟರಿನ ಹಿಂದಿನ ಸಾಲಿನಲ್ಲಿ ಒಬ್ಬ ಟೈಲರ್ ಹೆಣ್ಣುಮಗಳ ಅಂಗಡಿ ಇತ್ತು. ಮೂವತ್ತೈದರ ಆಸುಪಾಸು, ಆನಗೋಡಿನ ಕಡೆಯವಳು. ಗಂಡ ತೀರಿಕೊಂಡ ಮೇಲೆ ಒಂದು ಹೊಲಿಗೆ ಮೆಷಿನ್ ಇಟ್ಟುಕೊಂಡು ಇಲ್ಲಿಗೆ ಬಂದು, ಆಮೇಲೆ ಎರಡನೆಯದನ್ನು ಹಾಕಿಕೊಂಡಿದ್ದಳು. ನನ್ನ ಹೆಂಡತಿಯ ಕುಪ್ಪಸಗಳೆಲ್ಲ ಅಲ್ಲೇ. ಬಟ್ಟೆ ಒಯ್ಯುವುದು, ತರುವುದು ನನ್ನ ಕೆಲಸ. ಎಲ್ಲರನ್ನೂ ಕೆಣಕುವ ಬಾಯಿ ಆಕೆಯದು. ಅಕ್ಕನ ಅಳತೆ ಬದಲಾಗಿಲ್ಲ, ನಿಮ್ಮದು ಮಾತ್ರ ದಾವಣಗೆರೆಗೆ ಬಂದ ಮೇಲೆ ಬದಲಾಗಿದೆ, ಬೆಣ್ಣೆ ದೋಸೆ ಕಡಿಮೆ ಮಾಡಿ ಎಂದು ನನ್ನ ಹೊಟ್ಟೆ ನೋಡಿ ಹೇಳುತ್ತಿದ್ದಳು.

ಆಕೆಯ ಎಡಗಣ್ಣಿನ ಹುಬ್ಬಿನ ಹಿಂದೆ, ತಲೆಯೊಳಗೆ, ನೆಲ್ಲಿಕಾಯಿಯಷ್ಟು ಒಂದು ಗಡ್ಡೆ ಇದೆ ಎಂಬುದು ನನಗೆ ಗೊತ್ತಾದದ್ದು ಆಕೆ ಸ್ಕ್ಯಾನಿಗೆ ಬಂದ ದಿನವೇ. ಅದು ಎರಡನೆಯ ಸಲದ ಸ್ಕ್ಯಾನು. ಹೋದ ವರ್ಷ ತಲೆನೋವೆಂದು ಆಕೆಯ ಸ್ವಂತ ಅಕ್ಕ ಮೊದಲು ಉಕ್ಕಡಗಾತ್ರಿಯ ಗುಡಿಗೆ ಕರೆದುಕೊಂಡು ಹೋಗಿದ್ದಳಂತೆ, ಆಮೇಲೆ ಇಲ್ಲಿಗೆ. ಕೆಟ್ಟ ಗಡ್ಡೆಯಲ್ಲ, ಸುಮ್ಮನೆ ಕೂತಿರುವಂಥದ್ದು. ಬೆಳೆಯದಿದ್ದರೆ ಮುಟ್ಟಬೇಕಿಲ್ಲ. ಬೆಳೆದರೆ ಕಣ್ಣಿನ ನರವನ್ನು ಒತ್ತುತ್ತದೆ, ಆಗ ತೆಗೆಯಲೇಬೇಕು. ತೆಗೆಯುವಾಗ ಆ ನರಕ್ಕೇ ಪೆಟ್ಟಾದರೆ ಎಡಗಣ್ಣು ಹೋದ ಹಾಗೆ. ಬಲಗಣ್ಣು ಆಕೆಗೆ ಚಿಕ್ಕಂದಿನಿಂದಲೂ ಮಬ್ಬು. ಸೂಜಿಯ ಕಣ್ಣು ಕಾಣುವುದು ಎಡಗಣ್ಣಿಗೆ ಮಾತ್ರ.

ಹೋದ ವರ್ಷ ಗೆರೆ ಎಳೆದವರು ಡಾಕ್ಟರೇ. ಈ ವರ್ಷ ನಾನು. ಅವತ್ತು ಮಂಗಳವಾರ. ಪರಿಚಯದವಳು ಎಂದು ಎಂದಿಗಿಂತ ಹೆಚ್ಚು ನಿಧಾನವಾಗಿ, ಉಸಿರು ಬಿಗಿಹಿಡಿದು ಒಂದೊಂದೇ ಹೋಳಿಗೆ ಗೆರೆ ಎಳೆದೆ. ಮೇಲಿನದೊಂದು, ಕೆಳಗಿನದೊಂದು ಹೋಳಿನಲ್ಲಿ ಗಡ್ಡೆ ಇದೆಯೋ ಇಲ್ಲವೋ ಅನುಮಾನವಿತ್ತು. ಇರಲಿ ಎಂದು ಅವನ್ನೂ ಸೇರಿಸಿದೆ. ಮೂಲೆಯಲ್ಲಿ ಅಂಕಿ ಬಂತು. ಹೋದ ವರ್ಷದ್ದಕ್ಕಿಂತ ಹತ್ತಿರ ಹತ್ತಿರ ಕಾಲು ಪಾಲು ಜಾಸ್ತಿ.

ಡಾಕ್ಟರು ಎರಡು ಅಂಕಿಗಳನ್ನೂ ನೋಡಿದರು, ನನ್ನ ಗೆರೆಗಳನ್ನು ನೋಡಿದರು, ಚೆನ್ನಾಗಿದೆ ಎಂದರು. ಬೆಂಗಳೂರಿನ ದೊಡ್ಡ ಡಾಕ್ಟರಿಗೆ ಫೋನ್ ಹೋಯಿತು. ಗಡ್ಡೆ ಬೆಳೆದಿದೆ, ಮುಂದಿನ ಬುಧವಾರ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಸೇರಬೇಕು ಎಂದು ಸಂಜೆ ಆಕೆಗೆ ತಿಳಿಸಿದರು. ನಾನು ಆಗಲೇ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಪಾಪ ಎಂದುಕೊಂಡೆ, ಮನೆಗೆ ಹೋಗಿ ಹೆಂಡತಿಗೂ ಹೇಳಿದೆ, ಊಟ ಮಾಡಿದೆ. ನನ್ನ ಕೈಯ ಬಗ್ಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಆಕೆ ಬೆಂಗಳೂರಿಗೆ ಒಯ್ಯಬೇಕಾದ ಫಿಲ್ಮುಗಳನ್ನು ತೆಗೆದುಕೊಂಡು ಹೋಗಲು ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಒಳಗೆ ನನ್ನ ಹೆಂಡತಿ ಕೊಟ್ಟಿದ್ದ ಹಸಿರು ಕುಪ್ಪಸದ ಬಟ್ಟೆ, ಮಡಿಕೆ ಕೂಡ ಬಿಚ್ಚಿರಲಿಲ್ಲ. ಎಲ್ಲರ ಬಟ್ಟೆಯನ್ನೂ ವಾಪಸ್ ಕೊಡುತ್ತಿದ್ದೇನೆ, ಕತ್ತರಿ ಹಾಕಿ ಅರ್ಧಕ್ಕೆ ಬಿಟ್ಟು ಹೋದರೆ ಅವರ ಬಟ್ಟೆ ದಂಡ ಎಂದಳು. ಬಾಯಿ ಎಂದಿನಂತೆಯೇ ಇತ್ತು, ಮುಖ ಹಾಗಿರಲಿಲ್ಲ. ಆಮೇಲೆ, ನನ್ನ ತಲೆಯೊಳಗಿನದನ್ನು ಒಂದು ಸಲ ತೋರಿಸಿ ಎಂದಳು. ಡಾಕ್ಟರು ಹೊರಗೆ ಹೋಗಿದ್ದರು. ತೋರಿಸಿದೆ.

ಬಹಳ ಹೊತ್ತು ನೋಡಿದಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಪರದೆಯಲ್ಲಿ ಒಂದು ಗಡ್ಡೆ, ಅದರ ಸುತ್ತ ನನ್ನ ಹಳದಿ ಗೆರೆ. ಗೆರೆ ಎಳೆದವರು ಯಾರು ಎಂದಳು. ನಾನೇ ಎಂದೆ, ಸ್ವಲ್ಪ ಜಂಬದಿಂದಲೇ ಅನ್ನಿ.

"ಅಣ್ಣಾರೆ, ನೀವು ಗೆರಿ ಮ್ಯಾಲೆ ಕತ್ತರಿ ಹಾಕ್ತೀರೋ, ಹೊಲಿಗೆಗೆ ಚೂರು ಬಿಟ್ಟು ಹಾಕ್ತೀರೋ?"

ನನಗೆ ಸಿಟ್ಟು ಬಂತು. ಇದೇನು ಕುಪ್ಪಸ ಅಲ್ಲ, ಇದಕ್ಕೆ ಹೊಲಿಗೆ ಗಿಲಿಗೆ ಇರುವುದಿಲ್ಲ, ನಿನಗೆ ತಿಳಿಯುವಂಥದ್ದಲ್ಲ ಇದು ಎಂದೆ. ಹಾಗೆ ಹೇಳಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆಕೆ ಸಿಟ್ಟಾಗಲಿಲ್ಲ. ಬೆಳ್ಳಗಿನದಕ್ಕೂ ಗೆರೆಗೂ ನಡುವೆ ಚೂರು ಸಂದು ಕಂಡಿತು, ಅದಕ್ಕೇ ಕೇಳಿದೆ ಎಂದು ಫಿಲ್ಮಿನ ಕವರು ಎತ್ತಿಕೊಂಡು ಹೋದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಸಿರು ಬಟ್ಟೆಯ ಚೀಲ ತೊಡೆಯ ಮೇಲಿತ್ತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಒಬ್ಬ ಟೈಲರಮ್ಮ ನನ್ನ ಗೆರೆಗೆ ಮಾತಾಡುವುದೆಂದರೇನು? ಫೌಂಡ್ರಿಯಲ್ಲಿ ನನಗೆ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಕೂಡ ಕೈ ಪಳಗಿದ ಮೇಲೆ ನನ್ನ ಗೆರೆಗೆ ಒಂದು ಮಾತು ಆಡಿದವನಲ್ಲ. ಬಸ್ಸು ಬಾತಿ ಊರು ದಾಟುತ್ತಿತ್ತು. ಮೇಸ್ತ್ರಿ ನೆನಪಾದ, ಅವನ ಹಿಂದೆಯೇ ಅವನು ಕಲಿಸಿದ್ದೂ ನೆನಪಾಯಿತು.

ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಅದಕ್ಕೇ ಮರದ ಅಚ್ಚನ್ನು ಬೇಕಾದ ಅಳತೆಗಿಂತ ಚೂರು ದೊಡ್ಡದಾಗಿ ಮಾಡಬೇಕು. ನಮ್ಮ ಸ್ಕೇಲೇ ಬೇರೆ ಇರುತ್ತಿತ್ತು, ಅದರ ಒಂದು ಅಡಿ ಅಂದರೆ ಪೇಟೆಯ ಒಂದು ಅಡಿಗಿಂತ ಸ್ವಲ್ಪ ಉದ್ದ. ಎರಕದ ಮೇಲ್ಮೈಯನ್ನು ಆಮೇಲೆ ಕೆರೆದು ನುಣುಪು ಮಾಡಬೇಕು, ಅದಕ್ಕೆ ಇನ್ನೊಂದಿಷ್ಟು. ಗೆರೆಯ ಹೊರಗೆ ಯಾವಾಗಲೂ ಒಂದು ಕೂದಲೆಳೆ ಬಿಡು, ಜಾಸ್ತಿಯಾದರೆ ತೆಗೆಯಬಹುದು, ಕಮ್ಮಿಯಾದರೆ ಇಡೀ ಎರಕ ಗುಜರಿಗೆ ಎಂದು ಮೇಸ್ತ್ರಿ ಗೆಣ್ಣಿಗೆ ಹೊಡೆದು ಹೊಡೆದು ಕಲಿಸಿದ್ದ. ಮೊದಲ ವರ್ಷ ಯೋಚಿಸಿ ಬಿಡುತ್ತಿದ್ದೆ. ಆಮೇಲೆ ಯೋಚಿಸುವುದೇ ಬೇಕಾಗಲಿಲ್ಲ, ಕೈ ತಾನಾಗಿ ಬಿಡುತ್ತಿತ್ತು. ಹದಿನೇಳು ವರ್ಷ ಬಿಟ್ಟಿತ್ತು. ಆ ಟೈಲರಮ್ಮನ ತಲೆಯೊಳಗೂ ಬಿಟ್ಟಿತ್ತು.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಸೆಂಟರಿನಲ್ಲಿದ್ದೆ. ಹೋದ ವರ್ಷದ ಚಿತ್ರಗಳು ಡಿಸ್ಕಿನಲ್ಲಿದ್ದವು. ತೆಗೆದೆ. ಡಾಕ್ಟರ ಗೆರೆಯನ್ನು ಮರೆಮಾಡಿ ನನ್ನ ಕೈಯಿಂದಲೇ, ನನ್ನ ಅಭ್ಯಾಸದಲ್ಲೇ ಹೊಸದಾಗಿ ಎಳೆದೆ. ಹೋದ ವರ್ಷದ ಗಡ್ಡೆಯೂ ಡಾಕ್ಟರು ಹೇಳಿದ್ದಕ್ಕಿಂತ ಕಾಲು ಪಾಲು ಜಾಸ್ತಿ ಬಂತು. ಅಂದರೆ ಗಡ್ಡೆ ಬೆಳೆದಿಲ್ಲ. ಎಳೆದ ಕೈ ಬದಲಾಗಿದೆ, ಅಷ್ಟೇ.

ಒಂದು ಗಳಿಗೆ ಹಗುರವಾಯಿತು. ಮರುಗಳಿಗೆಯಲ್ಲೇ ಪೀಕಲಾಟ ಶುರುವಾಯಿತು. ಹೋದ ವರ್ಷದ್ದನ್ನು ದೊಡ್ಡದು ಮಾಡಬೇಕೆಂದು ಆಸೆಪಟ್ಟು ದೊಡ್ಡದಾಗಿ ಎಳೆದೆನೇ? ಈ ವರ್ಷದ್ದನ್ನು ಮತ್ತೆ ಎಳೆದೆ, ಮಂಗಳವಾರಕ್ಕಿಂತ ಕಡಿಮೆ ಬಂತು. ಇನ್ನೊಮ್ಮೆ ಎಳೆದೆ, ಮತ್ತೆ ಬೇರೆ. ಯಾವುದು ನಿಜ? ಆಕೆಯ ಕಣ್ಣು ಉಳಿಯಲಿ ಎಂಬ ಆಸೆ ಬೆರಳಿನ ತುದಿಗೆ ಬಂದು ಕೂತರೆ ಗೆರೆಯನ್ನು ನಂಬುವುದು ಹೇಗೆ? ಬೆಳೆದಿರುವುದನ್ನೇ ನಾನು ಬೆಳೆದಿಲ್ಲ ಎಂದುಬಿಟ್ಟರೆ ಆ ಕಣ್ಣು ಸದ್ದಿಲ್ಲದೆ ಹೋಗುತ್ತದೆ. ಬೆಳೆಯದ್ದನ್ನು ಬೆಳೆದಿದೆ ಎಂದರೆ ಆಪರೇಷನ್ ಟೇಬಲ್ಲಿನ ಮೇಲೆ ಹೋಗುತ್ತದೆ. ಎರಡೂ ಕಡೆ ನನ್ನ ಕೈಯೇ. ತಲೆಬುಡ ತಿಳಿಯದೆ ಕೂತುಬಿಟ್ಟೆ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಡಾಕ್ಟರು ಬಂದ ಮೇಲೆ ಎಲ್ಲ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಕಬ್ಬಿಣ, ಮರಳು, ಮೇಸ್ತ್ರಿ ಎಂದೆಲ್ಲ ಶುರುಮಾಡಿದರೆ ಯಾರಿಗೆ ಅರ್ಥವಾದೀತು? ಅರ್ಥವಾದ ಮೇಲೆ ಮುಖ ಕೆಂಪಾಯಿತು. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರು. ನನಗೇ ಗೊತ್ತಿರಲಿಲ್ಲ ಎಂದೆ. ಹಾಗಾದರೆ ಇಲ್ಲಿಯವರೆಗೆ ಎಳೆದದ್ದೆಲ್ಲ ಎಂದು ಅರ್ಧಕ್ಕೆ ನಿಲ್ಲಿಸಿ ಕುರ್ಚಿಯಲ್ಲಿ ಕೂತರು. ಆಮೇಲೆ, ನನ್ನ ಗೆರೆ ಸರಿಯೋ ನಿಮ್ಮದೋ ಎಂದು ಕೇಳಿದರು.

ಉಪಾಯ ಹೊಳೆದದ್ದು ನನಗೆ. ಪರದೆಯ ಮೂಲೆಯಲ್ಲಿ ಅಂಕಿ ಬರುವ ಜಾಗಕ್ಕೂ ತಾರೀಖು ಇರುವ ಜಾಗಕ್ಕೂ ರಟ್ಟಿನ ತುಂಡು ಅಂಟಿಸಿದೆ, ತಲೆಯ ಆಸರೆಗೆ ಅಳತೆ ತೆಗೆದ ಅದೇ ರಟ್ಟು. ಎರಡು ವರ್ಷದ ಚಿತ್ರಗಳನ್ನು ಡಾಕ್ಟರು ನನಗೆ ತಿಳಿಯದಂತೆ ಹಿಂದುಮುಂದು ಮಾಡಿ ಕೊಡಬೇಕು, ಯಾವುದು ಯಾವ ವರ್ಷದ್ದೆಂದು ಗೊತ್ತಿಲ್ಲದೆ ನಾನು ಎಳೆಯಬೇಕು, ಅಂಕಿಯನ್ನು ಅವರು ಮಾತ್ರ ನೋಡಿ ಬರೆದುಕೊಳ್ಳಬೇಕು. ಶನಿವಾರ ಮಧ್ಯಾಹ್ನ ಮಂಡಕ್ಕಿ ತಿಂದು ಶುರುಮಾಡಿದೆವು. ಭಾನುವಾರವೂ ಬಂದೆವು. ಒಂದೊಂದು ವರ್ಷದ್ದನ್ನು ಐದೈದು ಸಲ ಎಳೆದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮುಗಿದ ಮೇಲೆ ಡಾಕ್ಟರು ಚೀಟಿಯನ್ನು ನನ್ನ ಮುಂದೆ ಇಟ್ಟರು. ಎರಡು ವರ್ಷದ ಅಂಕಿಗಳೂ ಒಂದರೊಳಗೊಂದು ಬೆರೆತುಹೋಗಿದ್ದವು. ಇದು ಹೋದ ವರ್ಷದ್ದು, ಇದು ಈ ವರ್ಷದ್ದು ಎಂದು ಬೇರೆ ಮಾಡಲು ಸಾಧ್ಯವೇ ಇರಲಿಲ್ಲ.

"ಬೆಳದೈತೋ ಇಲ್ಲೋ, ಒಂದು ಮಾತು ಹೇಳ್ರಿ," ಎಂದರು ಡಾಕ್ಟರು.

"ಗೊತ್ತಿಲ್ರಿ ಸರ್. ಬೆಳದೈತಿ ಅನ್ನೋಕೆ ನನ್ನ ಹತ್ರ ಏನೂ ಇಲ್ಲ."

ಅವರು ಎದ್ದು ಬೆಂಗಳೂರಿಗೆ ಫೋನ್ ಹಚ್ಚಿದರು. ತಪ್ಪು ನಮ್ಮಲ್ಲೇ ಆಗಿದೆ ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದ್ದು ನನಗೆ ಕೇಳಿಸಿತು. ನನ್ನ ಹೆಸರು ಹೇಳಲಿಲ್ಲ. ಕಣ್ಣಿನ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೆ ಆಪರೇಷನ್ ಈಗ ಬೇಡ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದು ತೀರ್ಮಾನವಾಯಿತು.

ಸೋಮವಾರ ಕಣ್ಣಿನ ಪರೀಕ್ಷೆ ಮುಗಿದು, ನೋಟ ಹೋದ ವರ್ಷದಂತೆಯೇ ಇದೆ ಎಂದಾದ ಮೇಲೆ, ಆಕೆಗೆ ಹೇಳಲು ನಾನೇ ಅಂಗಡಿಗೆ ಹೋದೆ. ಹೋಗಬೇಕಾದವನು ನಾನೇ ಆಗಿದ್ದೆ. ಎರಡು ಮೆಷಿನ್ನುಗಳ ಮೇಲೂ ಬಟ್ಟೆ ಮುಚ್ಚಿತ್ತು, ಗೋಡೆಯ ಮೊಳೆಗಳಲ್ಲಿ ಒಂದು ಕುಪ್ಪಸವೂ ಇರಲಿಲ್ಲ. ಹೊಲಿಗೆಗೆ ಬಿಟ್ಟೇ ಕತ್ತರಿಸಿದ್ದೆ, ನೀನು ಹೇಳಿದ್ದೇ ಸರಿ, ನಾನು ನಿನಗೆ ಹಾಗೆ ಅನ್ನಬಾರದಿತ್ತು ಎಂದೆ. ಕುಣಿದಾಡುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಬೆಳೆದಿಲ್ಲ ಎಂದು ಗ್ಯಾರಂಟಿಯೇ ಎಂದು ಕೇಳಿದಳು. ಗ್ಯಾರಂಟಿ ಇಲ್ಲ ಎಂದೆ. ತಲೆಯಾಡಿಸಿ ಮೆಷಿನ್ನಿನ ಮೇಲಿನ ಬಟ್ಟೆಯನ್ನು ಸರಿಮಾಡುತ್ತಾ ನಿಂತಳು. ನಾನು ಬಂದುಬಿಟ್ಟೆ.

ಈ ನಡುವೆ ನಾನು ಎಳೆದಿದ್ದ ಬೇರೆಯವರ ಚಿತ್ರಗಳನ್ನೂ ರಟ್ಟು ಅಂಟಿಸಿ ಮತ್ತೆ ಎಳೆದು ನೋಡಿದೆವು. ಆರು ತಿಂಗಳಿಗೆ ಆಕೆಯ ಸ್ಕ್ಯಾನ್ ಆಯಿತು. ರಟ್ಟು ಅಂಟಿಸಿಕೊಂಡೇ ಎಳೆದೆ, ಹಳೆಯ ಎರಡನ್ನೂ ಹೊಸದರ ಜೊತೆ ಬೆರೆಸಿ ಎಳೆದೆ. ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ವರ್ಷ ನೋಡೋಣ ಎಂದು ಡಾಕ್ಟರು ಆಕೆಗೆ ಹೇಳಿದಾಗ, ಆ ಮಂಗಳವಾರದ ನಂತರ ಮೊದಲ ಸಲ ನಕ್ಕಳು. ನಿಮ್ಮ ಹೆಂಡತಿಯ ಹಸಿರು ಬಟ್ಟೆ ತಂದುಕೊಡಿ, ಅಕ್ಕ ಎಷ್ಟು ದಿನ ಹಳೆಯ ಕುಪ್ಪಸದಲ್ಲೇ ಇರಬೇಕು ಎಂದು ನನ್ನನ್ನು ಗದರಿಸಿದಳು. ಮರುದಿನವೇ ಒಯ್ದೆ.

ಮಧ್ಯಾಹ್ನ ಮೂರರ ಸಮಯ, ಕರೆಂಟು ಹೋಗಿತ್ತು. ಹಿಂದಿನ ಸಾಲಿನ ಆ ಅಂಗಡಿಗೆ ಮೊದಲೇ ಬೆಳಕು ಕಡಿಮೆ. ಒಳಗೆ ಕಾಲಿಟ್ಟಾಗ ನನಗೆ ಮೇಜು ಕೂಡ ಸರಿಯಾಗಿ ಕಾಣಲಿಲ್ಲ. ಆಕೆ ಗುಂಡಿ ಹಚ್ಚುತ್ತಾ ಕೂತಿದ್ದಳು. ದಾರ ಮುಗಿಯಿತು. ಹೊಸ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ನನ್ನ ಜೊತೆ ಮಾತಾಡುತ್ತಲೇ, ನನ್ನ ಮುಖ ನೋಡುತ್ತಲೇ, ಸೂಜಿಗೆ ಪೋಣಿಸಿಬಿಟ್ಟಳು. ಕೆಳಗೆ ನೋಡಲೇ ಇಲ್ಲ. ಇದೆಲ್ಲಿ ಕಲಿತೆ ಎಂದೆ, ತಮಾಷೆಗೆ.

"ಆ ವಾರದಾಗ ಕಲ್ತೆ ಅಣ್ಣಾರೆ, ಮಂಗಳವಾರದಿಂದ ಸೋಮವಾರದ ತನಕ. ಕಣ್ಣು ಕಟ್ಕೊಂಡು ಕೂತು, ಬೆರಳೆಲ್ಲ ಚುಚ್ಚಿಸ್ಕೊಂಡು ಕಲ್ತೆ." ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದಳು. "ನಾ ತಿರುಗಿ ಕೊಟ್ಟ ಬಟ್ಟಿ ಎಲ್ಲಾ ಜನ ವಾಪಸ್ ತಂದ್ರು. ಈ ಕಲ್ತದ್ದನ್ನ ನಾನು ಯಾರಿಗೆ ವಾಪಸ್ ಕೊಡ್ಲಿ?"

ನಾನು ಹಸಿರು ಬಟ್ಟೆಯನ್ನು ಮೇಜಿನ ಮೇಲಿಟ್ಟೆ, ಕರೆಂಟು ಬರುವವರೆಗೆ ಅಲ್ಲೇ ನಿಂತಿದ್ದೆ.